ಹಸುವಿನ ಕಣ್ಣಿನ ಕ್ಯಾನ್ಸರ್: ಬೇಗ ಕಂಡರೆ ಕಣ್ಣು ಉಳಿದೀತು

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಕೊಟ್ಟಿಗೆಗಳಲ್ಲಿ ಮಲೆನಾಡು ಗಿಡ್ಡದ ಜೊತೆಗೆ ಎಚ್.ಎಫ್. ಮಿಶ್ರತಳಿ ಹಸುಗಳೂ ಇವೆ. ಗಿಡ್ಡದ ಕಣ್ಣಂಚು ಸಾಮಾನ್ಯವಾಗಿ ಕಪ್ಪು. ಈ ಕಪ್ಪು ಬಣ್ಣ ಬಿಸಿಲಿನ ಅತಿನೇರಳೆ ಕಿರಣಗಳನ್ನು ತಡೆಯುತ್ತದೆ. ಕಣ್ಣಿನ ಸುತ್ತ ಬಿಳಿ ಅಥವಾ ನಸುಗೆಂಪು ಚರ್ಮವಿರುವ ಹಸುಗಳಿಗೆ ಈ ರಕ್ಷಣೆ ಇಲ್ಲ. ಆದ್ದರಿಂದ ಅವುಗಳಲ್ಲಿ, ಅದರಲ್ಲೂ 5 ವರ್ಷ ದಾಟಿದವುಗಳಲ್ಲಿ, ಕಣ್ಣಿನ ಕ್ಯಾನ್ಸರ್ ಹೆಚ್ಚು.

ಲಕ್ಷಣ: ಒಳಮೂಲೆಯ ಮೂರನೇ ರೆಪ್ಪೆ, ರೆಪ್ಪೆಯ ಅಂಚು ಅಥವಾ ಕಣ್ಣುಗುಡ್ಡೆಯ ಮೇಲೆ ಬಿಳಿ ಮಚ್ಚೆ ಇಲ್ಲವೆ ನರಹುಲಿಯಂಥ ಗಂಟು, ಸದಾ ಕಣ್ಣೀರು. ಹಾಗೇ ಬಿಟ್ಟರೆ ಹೂಕೋಸಿನಂತೆ ಬೆಳೆದು, ರಕ್ತ ಒಸರಿ, ಹುಳು ಬೀಳುತ್ತದೆ. ಮುಂದೆ ಕಿವಿಬುಡದ ಗ್ರಂಥಿಗೂ ಹರಡಬಹುದು.

ಚಿಕಿತ್ಸೆ: ಗಂಟು ಚಿಕ್ಕದಿದ್ದಾಗ ಪಶುವೈದ್ಯರು ಅರಿವಳಿಕೆ ಕೊಟ್ಟು ಕತ್ತರಿಸಿ ತೆಗೆದರೆ ಕಣ್ಣು ಉಳಿಯುತ್ತದೆ. ತೆಗೆದ ಚೂರನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗ ರೋಗ ಖಚಿತವಾಗುತ್ತದೆ. ತಡವಾದರೆ ಕಣ್ಣನ್ನೇ ತೆಗೆಯಬೇಕಾಗುತ್ತದೆ. ಹೆದರಬೇಡಿ, ಒಂಟಿಗಣ್ಣಿನ ಹಸುವೂ ಕರು ಹಾಕಿ ಹಾಲು ಕೊಡುತ್ತದೆ. ರೋಗ ಹರಡಿದ ಮೇಲೆ ಮಾತ್ರ ಹಸುವನ್ನು ಉಳಿಸುವುದು ಕಷ್ಟ.

ಮುನ್ನೆಚ್ಚರಿಕೆ: ಬೇಸಿಗೆಯ ನಡುಹಗಲಿನಲ್ಲಿ ಹಸುವನ್ನು ನೆರಳಿನಲ್ಲಿ ಕಟ್ಟಿ. ವಾರಕ್ಕೊಮ್ಮೆ ಹಾಲು ಕರೆಯುವ ಮುನ್ನ ಎರಡೂ ಕಣ್ಣುಗಳನ್ನು ನೋಡಿ. ಪೊರೆ ಎಂದು ತಿಳಿದು ಉಪ್ಪು, ಹೊಗೆಸೊಪ್ಪಿನ ರಸ ಹಾಕಬೇಡಿ. ಮಚ್ಚೆ ಕಂಡ ವಾರದಲ್ಲೇ ಪಶುವೈದ್ಯರಿಗೆ ತೋರಿಸಿ.