ಹನ್ನೊಂದೇ ಜನ, ಸ್ವಾಮಿ!

‘ಮೈಸೂರು ಮತ್ತು ಕರ್ನಾಟಕದ ಪರ ರಣಜಿ ಆಡಿದವರಲ್ಲಿ ಸಾರ್ವಕಾಲಿಕ ಶ್ರೇಷ್ಠ ಹನ್ನೊಂದು ಮಂದಿ ಯಾರು?’ ಎಂದು ಕಳೆದ ಸಂಚಿಕೆಯಲ್ಲಿ ಕೇಳಿ, ನನ್ನ ಪಟ್ಟಿಯನ್ನೂ ಕೊಟ್ಟಿದ್ದೆ. ಬಂದ ಪತ್ರಗಳಲ್ಲಿ ಪಟ್ಟಿಗಿಂತ ತಕರಾರೇ ಜಾಸ್ತಿ. ಒಬ್ಬರಂತೂ ಹದಿನಾಲ್ಕು ಹೆಸರು ಬರೆದು, ‘ಇವರಲ್ಲಿ ಯಾರನ್ನೂ ಬಿಡುವಂತಿಲ್ಲ’ ಎಂದು ಷರಾ ಹಾಕಿದ್ದಾರೆ.

ಹೊಸಬರಿಗಾಗಿ ನನ್ನ ತಂಡ ಮತ್ತೊಮ್ಮೆ: ಮಯಂಕ್ ಅಗರ್ವಾಲ್, ಕೆ.ಎಲ್. ರಾಹುಲ್, ರಾಹುಲ್ ದ್ರಾವಿಡ್, ಜಿ.ಆರ್. ವಿಶ್ವನಾಥ್, ಬ್ರಿಜೇಶ್ ಪಟೇಲ್, ರೋಜರ್ ಬಿನ್ನಿ, ಸಯ್ಯದ್ ಕಿರ್ಮಾನಿ, ಅನಿಲ್ ಕುಂಬ್ಳೆ, ಜಾವಗಲ್ ಶ್ರೀನಾಥ್, ಇ.ಎ.ಎಸ್. ಪ್ರಸನ್ನ (ನಾಯಕ), ಬಿ.ಎಸ್. ಚಂದ್ರಶೇಖರ್. ಹನ್ನೆರಡನೆಯವರು ಆರ್. ವಿನಯ್ ಕುಮಾರ್. ಪಂದ್ಯ ಐದು ದಿನದ್ದು, ಜಾಗ ಚಿನ್ನಸ್ವಾಮಿ ಕ್ರೀಡಾಂಗಣ, ಎದುರಾಳಿ ಬಾಂಬೆ. ಬೇರೆ ಎದುರಾಳಿಯನ್ನು ಇಟ್ಟುಕೊಂಡರೆ ಮಜಾ ಇರುವುದಿಲ್ಲ.

ಪ್ರಸನ್ನ, ಚಂದ್ರ, ಕುಂಬ್ಳೆ ಮೂವರನ್ನೂ ತುರುಕಿದ್ದೀರಿ. ಅದರಲ್ಲಿ ಇಬ್ಬರು ಲೆಗ್‌ಸ್ಪಿನ್ನರುಗಳು. ಒಂದೇ ಕೆಲಸಕ್ಕೆ ಇಬ್ಬರು ಯಾಕೆ? ಒಬ್ಬರನ್ನು ಬಿಟ್ಟು ವೆಂಕಟೇಶ್ ಪ್ರಸಾದರನ್ನು ತೆಗೆದುಕೊಳ್ಳಬಹುದಿತ್ತಲ್ಲ?
— ನಿವೃತ್ತ ಉಪಾಧ್ಯಾಯರು, ತಿಪಟೂರು

ಮೇಷ್ಟ್ರೇ, ದಾಖಲೆ ಪುಸ್ತಕದಲ್ಲಿ ಇಬ್ಬರ ಹೆಸರಿನ ಮುಂದೆಯೂ ಲೆಗ್‌ಸ್ಪಿನ್ ಎಂದೇ ಇರುತ್ತದೆ, ನಿಜ. ಆದರೆ ಬ್ಯಾಟ್ ಹಿಡಿದು ನಿಂತವನಿಗೆ ಅವರು ಬೇರೆ ಬೇರೆ ಜಾತಿಯ ಬೌಲರುಗಳು. ಪೋಲಿಯೊದಿಂದ ಸೊರಗಿದ್ದ ಬಲಗೈಯಲ್ಲೇ ಚಂದ್ರ ಚೆಂಡು ಎಸೆಯುತ್ತಿದ್ದರು. ಆ ತೆಳು ತೋಳು ಚಾಟಿಯಂತೆ ಬೀಸಿದಾಗ ಬರುವುದು ಗೂಗ್ಲಿಯೋ ಟಾಪ್‌ಸ್ಪಿನ್ನೋ ಎಂಬುದು ಎಷ್ಟೋ ಸಲ ಕಿರ್ಮಾನಿಗೂ ಕೊನೆ ಗಳಿಗೆಯವರೆಗೆ ತಿಳಿಯುತ್ತಿರಲಿಲ್ಲವಂತೆ. ಒಂದು ಓವರಿನಲ್ಲಿ ಎರಡು ಬೌಂಡರಿ ಕೊಟ್ಟು, ಮುಂದಿನ ಎಸೆತಕ್ಕೆ ಸ್ಟಂಪ್ ಹಾರಿಸುವ ಮನುಷ್ಯ. 1971ರಲ್ಲಿ ಓವಲ್‌ನಲ್ಲಿ 38 ರನ್ನಿಗೆ 6 ವಿಕೆಟ್ ಕಿತ್ತು ಇಂಗ್ಲೆಂಡ್ ನೆಲದಲ್ಲಿ ಭಾರತಕ್ಕೆ ಮೊದಲ ಟೆಸ್ಟ್ ಗೆಲುವು ತಂದುಕೊಟ್ಟದ್ದು ಹೀಗೇ. ಕುಂಬ್ಳೆಯವರದು ತದ್ವಿರುದ್ಧ ಸ್ವಭಾವ. ಪುಟಿತ, ನಿಖರತೆ, ಹಟ. ಬೆಳಗ್ಗೆ ಚೆಂಡು ಕೊಟ್ಟರೆ ಸಂಜೆಯವರೆಗೆ ಒಂದು ತುದಿಯ ಚಿಂತೆ ಬಿಟ್ಟುಬಿಡಬಹುದು. ಚಂದ್ರರಂಥ ದುಬಾರಿ ಜೂಜಿಗೆ ಇನ್ನೊಂದು ತುದಿಯಲ್ಲಿ ಕುಂಬ್ಳೆಯಂಥ ಜಾಮೀನು ಬೇಕು. ಇಬ್ಬರನ್ನೂ ಇಟ್ಟುಕೊಂಡಿರುವುದು ಅದಕ್ಕೇ.

ಪ್ರಸನ್ನ ಬೇಡ ಎನ್ನುವ ಧೈರ್ಯ ಬೆಂಗಳೂರಿನಲ್ಲಿ ಹುಟ್ಟಿದವರಿಗೆ ಬರಬಾರದು. 1974ರಲ್ಲಿ ಬಾಂಬೆ ಎದುರಿನ ರಣಜಿ ಸೆಮಿಫೈನಲ್‌ನಲ್ಲಿ ಅವರು ಗವಾಸ್ಕರರನ್ನು ಬೌಲ್ಡ್ ಮಾಡಿದ ಎಸೆತದ ಬಗ್ಗೆ ಊರಿನ ಹಳಬರು ಈಗಲೂ ಮಾತಾಡುತ್ತಾರೆ. ಗಾಳಿಯಲ್ಲಿ ತೇಲಿಸಿ, ಬ್ಯಾಟ್ಸ್‌ಮನ್ನನ್ನು ಮುಂದಕ್ಕೆ ಕರೆದು, ಚೆಂಡನ್ನು ಒಂದು ಗೇಣು ಹಿಂದೆ ಬೀಳಿಸುವ ಕಲೆ ಅವರದು.

ಇನ್ನು ಪ್ರಸಾದ್. ಶ್ರೀನಾಥರ ಜೊತೆಗೆ ಅವರೇ ಹೊಂದುವ ಬೌಲರು, ಒಪ್ಪುತ್ತೇನೆ. ಆದರೆ ಬಿನ್ನಿ ಹೊಸ ಚೆಂಡೂ ಹಾಕುತ್ತಾರೆ, ಬ್ಯಾಟಿಂಗನ್ನೂ ಮಾಡುತ್ತಾರೆ. 1983ರ ವಿಶ್ವಕಪ್‌ನಲ್ಲಿ 18 ವಿಕೆಟ್ ಪಡೆದು ಎಲ್ಲರಿಗಿಂತ ಮುಂದಿದ್ದವರು ಅವರು. ಹನ್ನೊಂದೇ ಜನ, ಸ್ವಾಮಿ. ಎರಡು ಕೆಲಸ ಮಾಡುವವನಿಗೆ ಬಸ್ಸಿನಲ್ಲಿ ಮೊದಲು ಸೀಟು.

ಸುನಿಲ್ ಜೋಶಿ ಎಲ್ಲಿ? ಬೆಂಗಳೂರಿನವರು ತಂಡ ಮಾಡಿದರೆ ಉತ್ತರ ಕರ್ನಾಟಕ ನೆನಪಿಗೆ ಬರುವುದಿಲ್ಲ.
— ಗದಗದ ಒಬ್ಬ ಓದುಗರು

ಪೆಟ್ಟು ಸರಿಯಾಗಿಯೇ ಬಿದ್ದಿದೆ. ಅಭ್ಯಾಸಕ್ಕೆಂದು ಗದಗದಿಂದ ಹುಬ್ಬಳ್ಳಿಗೆ ಓಡಾಡಿ ಬೆಳೆದ ಹುಡುಗ 1995–96ರ ರಣಜಿ ಋತುವಿನಲ್ಲಿ 500ಕ್ಕೂ ಹೆಚ್ಚು ರನ್ ಹೊಡೆದು 50ಕ್ಕೂ ಹೆಚ್ಚು ವಿಕೆಟ್ ಪಡೆದರು, ಕರ್ನಾಟಕ ಆ ವರ್ಷ ಟ್ರೋಫಿ ಗೆದ್ದಿತು. ಒಂದೇ ಋತುವಿನ ಆಟ ಅಳೆಯುವುದಾದರೆ ಇದಕ್ಕೆ ಸಾಟಿಯಾಗುವುದು ಕಡಿಮೆ. ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ಎದುರು 10 ಓವರು, 6 ಮೇಡನ್, 6 ರನ್, 5 ವಿಕೆಟ್ ಎಂಬ ಅವರ 1999ರ ಅಂಕಿಯನ್ನು ಮಕ್ಕಳಿಗೆ ಓದಿ ಹೇಳಿದರೆ ಅಚ್ಚಿನ ತಪ್ಪು ಎಂದುಕೊಳ್ಳುತ್ತಾರೆ.

ಜೋಶಿಗೆ ಅಡ್ಡ ಬಂದದ್ದು ಊರಲ್ಲ, ಜನಜಂಗುಳಿ. ಸ್ಪಿನ್ನರುಗಳ ಸಾಲು ಇಷ್ಟು ಉದ್ದ ಇರುವ ರಾಜ್ಯದಲ್ಲಿ ಹುಟ್ಟಿದ್ದು ಅವರ ದುರದೃಷ್ಟ. ಪಿಚ್ ಎರಡನೆಯ ದಿನವೇ ಬಿರುಕು ಬಿಡುವಂತಿದ್ದರೆ ಬಿನ್ನಿಯನ್ನು ಕೂರಿಸಿ ಜೋಶಿಯನ್ನು ಆಡಿಸುತ್ತೇನೆ. ಅಂದಹಾಗೆ, ಬೆಂಗಳೂರಿನ ತಂಡ ಎಂದಿರಲ್ಲ, ವಿಶ್ವನಾಥ್ ಭದ್ರಾವತಿಯವರು, ಶ್ರೀನಾಥ್ ಮೈಸೂರಿನವರು, ರಾಹುಲ್ ಬೆಳೆದದ್ದು ಸುರತ್ಕಲ್‌ನಲ್ಲಿ, ವಿನಯ್ ದಾವಣಗೆರೆಯವರು.

ವಿಶ್ವನಾಥರ ಟೆಸ್ಟ್ ಸರಾಸರಿ 41.93. ಭಾವನೆ ಬಿಟ್ಟು ಅಂಕಿ ನೋಡಿದರೆ ಆ ಜಾಗ ಅವರಿಗೆ ಸಿಗುತ್ತದೆಯೇ? ಫೈನಲ್‌ನಲ್ಲಿ 328 ಹೊಡೆದ ಕರುಣ್ ನಾಯರ್ ಹೊರಗೆ, ಬ್ರಿಜೇಶ್ ಒಳಗೆ, ಇದು ಯಾವ ಲೆಕ್ಕ?
— ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಅಂಕಿಯೇ ನೋಡೋಣ. 1975ರ ಜನವರಿ, ಚೆಪಾಕ್. ಆಂಡಿ ರಾಬರ್ಟ್ಸ್ 7 ವಿಕೆಟ್ ಕಿತ್ತ ಇನಿಂಗ್ಸ್. ಭಾರತ 190ಕ್ಕೆ ಆಲೌಟ್, ಅದರಲ್ಲಿ ವಿಶ್ವನಾಥ್ ಔಟಾಗದೆ 97. ಭಾರತ ಆ ಪಂದ್ಯ ಗೆದ್ದಿತು. ಅವರು ಬಾರಿಸಿದ 14 ಟೆಸ್ಟ್ ಶತಕಗಳ ಪೈಕಿ ಒಂದು ಪಂದ್ಯವನ್ನೂ ಭಾರತ ಸೋತಿಲ್ಲ. ರಣಜಿಗೆ ಬನ್ನಿ: ಕಾಲಿಟ್ಟ ಮೊದಲ ಪಂದ್ಯದಲ್ಲೇ ಆಂಧ್ರದ ಎದುರು 230. 1974ರಲ್ಲಿ ಬಾಂಬೆ ಎದುರಿನ ಸೆಮಿಫೈನಲ್‌ನಲ್ಲಿ 162. 1977–78ರ ಫೈನಲ್‌ನಲ್ಲಿ ಉತ್ತರ ಪ್ರದೇಶದ ಎದುರು 247. ಸರಾಸರಿ ಎಂಬುದು ಸುಲಭದ ರನ್ನನ್ನೂ ಕಷ್ಟದ ರನ್ನನ್ನೂ ಒಂದೇ ತಕ್ಕಡಿಗೆ ಸುರಿಯುತ್ತದೆ. ವಿಶ್ವನಾಥರಿಗೆ ಸುಲಭದ ರನ್ನಿನಲ್ಲಿ ಅಷ್ಟಾಗಿ ಆಸಕ್ತಿ ಇರಲಿಲ್ಲ ಎಂಬ ಗುಮಾನಿ ನನಗೆ ಮೊದಲಿನಿಂದಲೂ ಇದೆ.

ಕರುಣ್ ವಿಷಯದಲ್ಲಿ ನಿಮ್ಮ ವಾದಕ್ಕೆ ತೂಕವಿದೆ. 2015ರ ಮಾರ್ಚ್, ವಾಂಖೆಡೆ, ತಮಿಳುನಾಡಿನ ಎದುರು ಫೈನಲ್. 84ಕ್ಕೆ 5 ಹೋಗಿದೆ. ಗಾಯದಿಂದ ಹೊರನಡೆದಿದ್ದ ರಾಹುಲ್ ಮರಳಿ ಬಂದು ಜೊತೆಯಾಗುತ್ತಾರೆ, ಆರನೆಯ ವಿಕೆಟ್ಟಿಗೆ 386 ರನ್. ಅದೇ ಪಂದ್ಯದಲ್ಲಿ ನಾಯಕ ವಿನಯ್ ಶತಕವನ್ನೂ ಹೊಡೆದು ಐದು ವಿಕೆಟ್ಟನ್ನೂ ಪಡೆದರು, 328ರ ನೆರಳಿನಲ್ಲಿ ಅದು ಎಲ್ಲರಿಗೂ ಮರೆತುಹೋಗಿದೆ. ಆದರೂ ನನ್ನ ಮತ ಬ್ರಿಜೇಶ್‌ಗೆ. ಗೆದ್ದೇ ಗೊತ್ತಿಲ್ಲದ ತಂಡಕ್ಕೆ ಗೆಲ್ಲುವ ಚಟ ಹತ್ತಿಸಿದ ಪೀಳಿಗೆ ಅದು. 1974ರ ಆ ಸೆಮಿಫೈನಲ್‌ನಲ್ಲಿ ಅವರದೂ ಒಂದು ಶತಕವಿದೆ, ರಾಜ್ಯದ ಮೊದಲ ಮೂರು ಟ್ರೋಫಿಗಳ ಕಾಲಕ್ಕೂ ಅವರ ಆಟ ಹಬ್ಬಿದೆ. ಕವರ್ಸ್‌ನಲ್ಲಿ ಅವರು ತಡೆಯುವ ರನ್ನುಗಳನ್ನು ಯಾವ ತಂತ್ರಾಂಶವೂ ಲೆಕ್ಕ ಹಾಕಿಲ್ಲ. ನೀವು ಒಪ್ಪುವುದಿಲ್ಲ ಎಂದು ಗೊತ್ತು.

ಆರಂಭಿಕರಿಬ್ಬರೂ ಈಗಿನ ಹುಡುಗರೇ. ಹಿಂದೆ ಯಾರೂ ಇರಲಿಲ್ಲವೆ?
— ಚಿಕ್ಕಮಗಳೂರು

ನಿಮ್ಮ ಊರಿನಲ್ಲೇ ನಡೆದ ಕಥೆ ಹೇಳಿ ಕೈಕಟ್ಟಿ ಹಾಕಲು ನೋಡುತ್ತಿದ್ದೀರಿ ಎಂದು ಗೊತ್ತಾಯಿತು. 1977–78ರಲ್ಲಿ ಚಿಕ್ಕಮಗಳೂರಿನಲ್ಲಿ ಕೇರಳದ ಎದುರು ಸಂಜಯ್ ದೇಸಾಯಿ 218, ಬಿನ್ನಿ 211, ಇಬ್ಬರೂ ಔಟಾಗದೆ ವಿಕೆಟ್ ನಷ್ಟವಿಲ್ಲದೆ 451 ಸೇರಿಸಿ ಡಿಕ್ಲೇರ್ ಮಾಡಿಸಿದರು. ಆದರೂ ಒಳ್ಳೆಯ ಆರಂಭಿಕರಿಗೆ ನಮ್ಮಲ್ಲಿ ಯಾವಾಗಲೂ ಬರಗಾಲವೇ. ಸ್ಪಿನ್ನರು, ಮಧ್ಯಮ ಕ್ರಮಾಂಕದ ಕುಶಲಿಗರು ಬೇಕಾದಷ್ಟು. ಹೊಸ ಚೆಂಡಿಗೆ ಎದೆಯೊಡ್ಡುವವರು ವಿರಳ. ರಾಜ್ಯದ ಮೊದಲ ತ್ರಿಶತಕ, 2015ರಲ್ಲಿ ರಾಹುಲ್ ಹೊಡೆದ 337. ಮಯಂಕ್ 2017–18ರ ಒಂದೇ ರಣಜಿ ಋತುವಿನಲ್ಲಿ 1160 ರನ್ ಪೇರಿಸಿದರು. ಬುಧಿ ಕುಂದೆರನ್ ಮೈಸೂರಿಗೆ ಇನ್ನಷ್ಟು ವರ್ಷ ಆಡಿದ್ದರೆ ಈ ಜಾಗದಲ್ಲಿ ಪೈಪೋಟಿ ಇರುತ್ತಿತ್ತು. ಮೂಲ್ಕಿಯಲ್ಲಿ ಹುಟ್ಟಿದ ಆತ ವಿಕೆಟ್‌ಕೀಪರಾಗಿದ್ದೂ 1964ರಲ್ಲಿ ಇಂಗ್ಲೆಂಡಿನ ಎದುರು ಟೆಸ್ಟಿನಲ್ಲಿ 192 ಹೊಡೆದವರು.

ದ್ರಾವಿಡ್ ಇಂದೋರ್, ಕಿರ್ಮಾನಿ ಮದ್ರಾಸ್, ಬ್ರಿಜೇಶ್ ಬರೋಡ. ಕನ್ನಡದವರು ಯಾರ್ರೀ?
— ಹೆಸರು ಬರೆದಿಲ್ಲ

ಎಲ್ಲರೂ.

1974ಕ್ಕೆ ಮೊದಲು ಇಲ್ಲಿ ಕ್ರಿಕೆಟ್ಟೇ ಇರಲಿಲ್ಲವೆಂಬಂತಿದೆ ನಿಮ್ಮ ಪಟ್ಟಿ. ನಮ್ಮ ತಂದೆ ಗರುಡಾಚಾರ್ ಹೆಸರು ಹೇಳುತ್ತಿದ್ದರು.
— ಮೈಸೂರು

ಇತ್ತು, ದೇಶದಲ್ಲಿ ಎಲ್ಲರಿಗಿಂತ ಮೊದಲೇ ಇತ್ತು. ರಣಜಿ ಟ್ರೋಫಿಯ ಮೊಟ್ಟಮೊದಲ ಪಂದ್ಯ ಆಡಿದ ಎರಡು ತಂಡಗಳಲ್ಲಿ ಒಂದು ಮೈಸೂರು. 1934ರ ನವೆಂಬರ್ 4, ಚೆಪಾಕ್, ಮದ್ರಾಸಿನ ಎದುರು. ಎ.ಜಿ. ರಾಮ್‌ಸಿಂಗ್ 11 ವಿಕೆಟ್ ಕಿತ್ತು ಒಂದೇ ದಿನದಲ್ಲಿ ಆಟ ಮುಗಿಸಿಬಿಟ್ಟರು. ಆರಂಭ ಹೀಗಾದರೂ 1941–42ಕ್ಕೆ ಮೈಸೂರು ಫೈನಲ್ ಮುಟ್ಟಿತ್ತು.

ಬಿ.ಕೆ. ಗರುಡಾಚಾರ್ ಹೆಸರು ತಂದೆಯವರು ಸುಮ್ಮನೆ ಹೇಳಿಲ್ಲ. 1945–46ರ ಇಂದೋರ್ ಪಂದ್ಯದಲ್ಲಿ ಹೋಳ್ಕರ್ ತಂಡ ನಮ್ಮ ಮೇಲೆ 8 ವಿಕೆಟ್ಟಿಗೆ 912 ಪೇರಿಸಿತು, ಒಂದೇ ಇನಿಂಗ್ಸಿನಲ್ಲಿ ಆರು ಶತಕ. ಗರುಡಾಚಾರ್ 69 ಓವರ್ ಎಸೆದು 301 ರನ್ ಕೊಟ್ಟು 4 ವಿಕೆಟ್ ಪಡೆದರು. ಅಷ್ಟು ಹೊಡೆಸಿಕೊಂಡ ಮೇಲೆ ಬೇರೆಯವರಾದರೆ ಪೆವಿಲಿಯನ್ನಿನಲ್ಲಿ ಮಲಗುತ್ತಿದ್ದರು. ಇವರು ಎರಡನೆಯ ಇನಿಂಗ್ಸಿನಲ್ಲಿ ಬ್ಯಾಟ್ ಹಿಡಿದು 164 ಹೊಡೆದರು! ಆಗ ಟೂರ್ನಿ ನಾಕೌಟ್. ಒಂದು ಪಂದ್ಯ ಸೋತರೆ ಆ ವರ್ಷದ ಕ್ರಿಕೆಟ್ ಮುಗಿದಂತೆ. ಹಾಗಾಗಿ ಆ ಕಾಲದವರ ಒಟ್ಟು ರನ್, ಒಟ್ಟು ವಿಕೆಟ್ಟುಗಳನ್ನು ಈಗಿನವರ ಪಕ್ಕದಲ್ಲಿಟ್ಟು ತೂಗುವುದು ಅನ್ಯಾಯ. ಹದಿಮೂರನೆಯ ಸ್ಥಾನ ಒಂದಿದ್ದರೆ ಅದು ಅವರದೇ.

‘ಶ್ರೇಷ್ಠ ಹನ್ನೊಂದು ಮಂದಿ’ ಎಂದಾಗ ನೀವೂ ಓದುಗರೂ ಗಂಡಸರ ಹೆಸರನ್ನೇ ಬರೆದಿದ್ದೀರಿ.
— ಕಾಲೇಜು ವಿದ್ಯಾರ್ಥಿನಿ, ಶಿವಮೊಗ್ಗ

ಪ್ರಶ್ನೆಯನ್ನು ರಣಜಿಗೆ ಕಟ್ಟಿಹಾಕಿದ್ದು ಸಂಪಾದಕರು, ಹಾಗಾಗಿ ಅರ್ಧ ಬೈಗುಳ ಅವರಿಗೆ ಕಳಿಸಿದ್ದೇನೆ. ಮಹಿಳೆಯರ ತಂಡ ಕಟ್ಟಿದರೆ ನಾಯಕತ್ವಕ್ಕೆ ಚರ್ಚೆಯೇ ಬೇಡ, ಶಾಂತಾ ರಂಗಸ್ವಾಮಿ. ಭಾರತ ಮಹಿಳಾ ಟೆಸ್ಟ್ ತಂಡದ ಮೊದಲ ನಾಯಕಿ, 1977ರಲ್ಲಿ ನ್ಯೂಜಿಲೆಂಡಿನ ಡ್ಯುನೆಡಿನ್‌ನಲ್ಲಿ ಟೆಸ್ಟ್ ಶತಕ ಹೊಡೆದ ಮೊದಲ ಭಾರತೀಯ ಮಹಿಳೆ. ಸ್ಟಂಪ್ ಹಿಂದೆ ಕರುಣಾ ಜೈನ್, ಆಲ್‌ರೌಂಡರ್ ಆಗಿ ಮಮತಾ ಮಾಬೆನ್. 2017ರ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡಿನ ಎದುರು ಗೆಲ್ಲಲೇಬೇಕಿದ್ದ ಪಂದ್ಯ ನೆನಪಿಸಿಕೊಳ್ಳಿ. ಕಡೂರಿನ ವೇದಾ ಕೃಷ್ಣಮೂರ್ತಿ 45 ಎಸೆತದಲ್ಲಿ 70 ಚಚ್ಚಿದರು, ವಿಜಯಪುರದ ರಾಜೇಶ್ವರಿ ಗಾಯಕ್ವಾಡ್ 15 ರನ್ನಿಗೆ 5 ವಿಕೆಟ್ ಕಿತ್ತರು. ಉಳಿದ ಆರು ಹೆಸರು ನೀವೇ ಬರೆದು ಕಳಿಸಿ. ಶ್ರೇಯಾಂಕಾ ಪಾಟೀಲ್ ಇರುತ್ತಾರೆಂದು ಪಂಥ ಕಟ್ಟುತ್ತೇನೆ.

ದ್ರಾವಿಡ್, ಕುಂಬ್ಳೆ ಇಬ್ಬರೂ ಭಾರತದ ನಾಯಕರಾಗಿದ್ದವರು. ಪ್ರಸನ್ನ ಯಾಕೆ?
— ಮಂಡ್ಯ

ಬಾಂಬೆ 1958–59ರಿಂದ ಸತತ 15 ವರ್ಷ ರಣಜಿ ಗೆದ್ದಿತ್ತು. ಆ ಸರಪಳಿ ತುಂಡಾದದ್ದು ಪ್ರಸನ್ನರ ನಾಯಕತ್ವದಲ್ಲಿ, ಮತ್ತೆ 1977–78ರ ಟ್ರೋಫಿಯೂ ಅವರದೇ. 1974ರ ಸೆಮಿಫೈನಲ್‌ನಲ್ಲಿ ಬಾಂಬೆಯ ವಾಡೇಕರ್ ಓಡುವಾಗ ಜಾರಿ ರನೌಟಾದದ್ದು ಅದೃಷ್ಟ ಎನ್ನುವವರಿದ್ದಾರೆ. ನಮ್ಮ ಸುಧಾಕರ ರಾವ್ ಚೆಂಡನ್ನು ತಡವರಿಸಿದ್ದರೆ ಆ ಅದೃಷ್ಟ ಎಲ್ಲಿರುತ್ತಿತ್ತು? ವಿಶ್ವನಾಥರನ್ನು ಕೇಳಿದವರೂ ಉಂಟು. 1980ರ ಸುವರ್ಣ ಮಹೋತ್ಸವ ಟೆಸ್ಟಿನಲ್ಲಿ ಅಂಪೈರ್ ಔಟ್ ಕೊಟ್ಟ ಇಂಗ್ಲೆಂಡಿನ ಬಾಬ್ ಟೇಲರನ್ನು ಮರಳಿ ಕರೆದದ್ದು ಅವರು. ಟೇಲರ್ ನಿಂತರು, ಬೋಥಮ್ ಶತಕ ಹೊಡೆದರು, ಭಾರತ ಸೋತಿತು. ಅಂಥವರು ನನ್ನ ತಂಡದಲ್ಲಿ ಸ್ಲಿಪ್‌ನಲ್ಲಿರಲಿ. ಬಾಂಬೆಯವರನ್ನು ಮರಳಿ ಕರೆಯುವುದು ನನಗೆ ಬೇಡ.

ಟೆಸ್ಟ್ ಆಡಿದವರಿಗೇ ಮಣೆ. ರಘುರಾಮ ಭಟ್ಟರಂಥವರಿಗೆ? ಮತ್ತೆ, ಬಾಂಬೆ ಎದುರು ನಿಮ್ಮ ತಂಡ ನಿಜಕ್ಕೂ ಗೆಲ್ಲುತ್ತದೆಯೇ?
— ಪುತ್ತೂರು

ಭಟ್ಟರು ಎರಡು ಟೆಸ್ಟ್ ಆಡಿದ್ದಾರೆ, ಅವರ ಕಥೆಗೆ ಅದು ಮುಖ್ಯವೂ ಅಲ್ಲ. 1981–82ರ ಸೆಮಿಫೈನಲ್‌ನಲ್ಲಿ ಬಾಂಬೆ ವಿರುದ್ಧ ಹ್ಯಾಟ್ರಿಕ್ ಸೇರಿ ಒಂದೇ ಇನಿಂಗ್ಸಿನಲ್ಲಿ ಎಂಟು ವಿಕೆಟ್ ಕಿತ್ತರು. ಎರಡನೆಯ ಇನಿಂಗ್ಸಿನಲ್ಲಿ ಅವರ ಎಡಗೈ ಸ್ಪಿನ್ ಸಿಕ್ಕಾಪಟ್ಟೆ ತಿರುಗುತ್ತಿತ್ತು. ಗವಾಸ್ಕರ್ ಕೆಳ ಕ್ರಮಾಂಕದಲ್ಲಿ ಬಂದು, ಭಟ್ಟರ ಎಸೆತಕ್ಕೆ ಎಡಗೈ ಬ್ಯಾಟ್ಸ್‌ಮನ್ ಆಗಿ, ಉಳಿದವರ ಎಸೆತಕ್ಕೆ ಬಲಗೈಯವರಾಗಿ ನಿಂತು ಪೂರ್ಣ ಸೋಲು ತಪ್ಪಿಸಿದರು, ಮೊದಲ ಇನಿಂಗ್ಸ್ ಮುನ್ನಡೆಯಿಂದ ಫೈನಲ್‌ಗೆ ಹೋದದ್ದು ಮಾತ್ರ ನಾವೇ. ಟೆಸ್ಟಿನಲ್ಲಿ ಹತ್ತು ಸಾವಿರ ರನ್ ಮುಟ್ಟಿದ ಮೊದಲಿಗ ಒಬ್ಬ ಬೌಲರನಿಗಾಗಿ ಕೈ ಬದಲಿಸಿಕೊಂಡದ್ದಕ್ಕಿಂತ ದೊಡ್ಡ ಬಿರುದು ಯಾರಿಗೆ ಬೇಕು? ಆದರೆ ಆ ವರ್ಷದ ಫೈನಲ್‌ನಲ್ಲಿ ಕರ್ನಾಟಕ 705 ಹೊಡೆದೂ ಸೋತಿತು. ದೆಹಲಿ 8 ವಿಕೆಟ್ಟಿಗೆ 707 ಮಾಡಿ ಮೊದಲ ಇನಿಂಗ್ಸ್ ಮುನ್ನಡೆ ಕಸಿದುಕೊಂಡಿತು.

ಇನ್ನು ಬಾಂಬೆ. ಮರ್ಚೆಂಟ್, ಗವಾಸ್ಕರ್, ತೆಂಡೂಲ್ಕರ್, ವೆಂಗ್‌ಸರ್ಕಾರ್ ಇರುವ ಬ್ಯಾಟಿಂಗ್ ನಮ್ಮದಕ್ಕಿಂತ ಒಂದು ತೂಕ ಹೆಚ್ಚು. ಬೌಲಿಂಗ್‌ನಲ್ಲಿ ನಾವು ಎರಡು ತೂಕ ಹೆಚ್ಚು. ಟಾಸ್ ಗೆದ್ದರೆ ಬ್ಯಾಟಿಂಗ್ ತೆಗೆದುಕೊಂಡು, ಎರಡು ದಿನ ಆಡಿ, 450 ದಾಟಿಸಿ, ಮೂರನೆಯ ದಿನ ಮಧ್ಯಾಹ್ನ ಚಂದ್ರ ಮತ್ತು ಪ್ರಸನ್ನರ ಕೈಗೆ ಚೆಂಡು ಕೊಡುವುದು. ಪೂರ್ಣ ಗೆಲುವು ಸಿಗಲಿಕ್ಕಿಲ್ಲ. ಮೊದಲ ಇನಿಂಗ್ಸ್ ಮುನ್ನಡೆ ನಮ್ಮದೇ, 40 ರನ್ನಿನ ಆಸುಪಾಸು.