ಸಭೆಯಲ್ಲಿ ನುಡಿಯುವ ಬಗೆ

ಮಾತು ಎಲ್ಲರಿಗೂ ಬರುತ್ತದೆ. ಸಭೆಯಲ್ಲಿ ಆಡುವ ಮಾತು ಎಲ್ಲರಿಗೂ ಬರುವುದಿಲ್ಲ. ಮನೆಯ ಜಗಲಿಯ ಮೇಲೆ, ಹೊಲದ ಬದುವಿನಲ್ಲಿ, ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ತಡೆಯಿಲ್ಲದೆ ಮಾತನಾಡುವವನೇ, ಐವತ್ತು ಮಂದಿ ಕುಳಿತು ತನ್ನತ್ತ ನೋಡಿದೊಡನೆ ನಾಲಗೆ ಒಣಗಿ ನಿಂತುಬಿಡುತ್ತಾನೆ. ಇದನ್ನು ಸ್ವಭಾವವೆಂದು ತಿಳಿದು ಸುಮ್ಮನಾಗುವವರು ಬಹಳ. ಆದರೆ ವಾಕ್ಕು ಒಂದು ವಿದ್ಯೆ. ವಿದ್ಯೆಯಾದುದರಿಂದಲೇ ಅದಕ್ಕೆ ಲಕ್ಷಣವುಂಟು, ದೋಷವುಂಟು, ಅಭ್ಯಾಸಕ್ರಮವುಂಟು. ಆ ಕ್ರಮವನ್ನು ಅಧ್ಯಾಪಕ ಮಿತ್ರರ ಮುಂದೆಯೂ, ಈ ಶಾಲೆಯಲ್ಲಿ ಕಲಿತು ಹೋದವರ ಮುಂದೆಯೂ, ಶಾಲೆಯನ್ನು ಪೋಷಿಸುತ್ತಿರುವ ದಾನಿಗಳ ಮುಂದೆಯೂ ಸಂಕ್ಷೇಪವಾಗಿ ಇರಿಸುವುದು ಈ ಲೇಖನದ ಉದ್ದೇಶ.

ನಮ್ಮ ಪರಂಪರೆ

ಕನ್ನಡದಲ್ಲಿ ಇಂದು ಉಪಲಬ್ಧವಿರುವ ಗ್ರಂಥಗಳಲ್ಲಿ ಅತ್ಯಂತ ಪ್ರಾಚೀನವಾದ, ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಈ ನಾಡಿನ ಜನರನ್ನು ಎರಡು ಗುಣಗಳಿಗಾಗಿ ಹೊಗಳುತ್ತದೆ. ಹದವರಿತು ಮಾತನಾಡಬಲ್ಲರು ಎಂಬುದು ಒಂದು; ಇತರರು ಆಡಿದ ಮಾತನ್ನು ತಿಳಿದು ವಿಚಾರಿಸಬಲ್ಲರು ಎಂಬುದು ಇನ್ನೊಂದು. ನುಡಿಯುವ ಶಕ್ತಿಯನ್ನೂ ಕೇಳುವ ಶಕ್ತಿಯನ್ನೂ ಆ ಗ್ರಂಥಕಾರನು ಒಟ್ಟಿಗೆ ಹೇಳಿದುದು ಗಮನಾರ್ಹ. ಕೇಳಲು ಬಾರದವನಿಗೆ ನುಡಿಯಲೂ ಬಾರದು.

ಹನ್ನೆರಡನೆಯ ಶತಮಾನದ ಶರಣರ ಕೃತಿಗಳಿಗೆ ‘ವಚನ’ ಎಂದೇ ಹೆಸರಾಯಿತು. ವಚನವೆಂದರೆ ನುಡಿ. ರಾಜಾಸ್ಥಾನದ ಪಂಡಿತರ ಭಾಷೆಯನ್ನು ಬಿಟ್ಟು, ಅಂಬಿಗನಿಗೂ ಮಡಿವಾಳನಿಗೂ ಅರ್ಥವಾಗುವ ಕನ್ನಡದಲ್ಲಿ ಅವರು ಮಾತನಾಡಿದರು. ಅಂಬಿಗನೂ ಮಡಿವಾಳನೂ ತಾವೇ ಎದ್ದು ನಿಂತು ನುಡಿದರು. ಮಾತಿನ ಸೊಬಗನ್ನು ಕುರಿತ ಬಸವಣ್ಣನವರ ವಚನವನ್ನು ನಮ್ಮ ಮಕ್ಕಳೆಲ್ಲರೂ ಬಾಯಿಪಾಠ ಒಪ್ಪಿಸುತ್ತಾರೆ. ಅದರ ಕೊನೆಯಲ್ಲಿ ನಡೆಯಿಲ್ಲದ ನುಡಿಗೆ ಬೆಲೆಯಿಲ್ಲವೆಂಬ ಎಚ್ಚರಿಕೆಯಿದೆ. ಆ ಎಚ್ಚರಿಕೆಯೇ ಭಾಷಣಶಾಸ್ತ್ರದ ಮೊದಲ ಸೂತ್ರವೆಂದು ನಾನು ಭಾವಿಸುತ್ತೇನೆ.

ಆಧುನಿಕ ಕಾಲಕ್ಕೆ ಬಂದರೆ, 1911ರಲ್ಲಿ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಬಿ. ಎಂ. ಶ್ರೀಕಂಠಯ್ಯನವರು ಮಾಡಿದ ‘ಕನ್ನಡ ಮಾತು ತಲೆಯೆತ್ತುವ ಬಗೆ’ ಎಂಬ ಭಾಷಣವನ್ನು ಸ್ಮರಿಸಬೇಕು. ಓದಿದವರು ಸಭೆಯಲ್ಲಿ ಇಂಗ್ಲಿಷಿನಲ್ಲಿ ಮಾತನಾಡುವುದೇ ಗೌರವವೆಂದು ತಿಳಿದಿದ್ದ ಕಾಲವದು. ಇಂಗ್ಲಿಷ್ ಅಧ್ಯಾಪಕರಾಗಿದ್ದ ಇಪ್ಪತ್ತೇಳು ವಯಸ್ಸಿನ ತರುಣರೊಬ್ಬರು ಮೈಸೂರು ಸೀಮೆಯಿಂದ ಮುಂಬಯಿ ಪ್ರಾಂತದ ಧಾರವಾಡಕ್ಕೆ ಹೋಗಿ, ಕನ್ನಡದ ಭವಿಷ್ಯವನ್ನು ಕುರಿತು ಕನ್ನಡದಲ್ಲಿಯೇ ನುಡಿದರು. ಶತಮಾನ ಕಳೆದರೂ ಆ ಭಾಷಣದ ಮಾತು ಮರೆಯಾಗಿಲ್ಲ. ಹೇಳಲೇಬೇಕಾದ ವಿಷಯವೊಂದು ಅವರ ಎದೆಯಲ್ಲಿದ್ದುದೇ ಅದಕ್ಕೆ ಕಾರಣ.

ನಮ್ಮ ಜಿಲ್ಲೆಯ ಮೂವರು

ದೂರದ ಉದಾಹರಣೆ ಏಕೆ? ನಮ್ಮ ಜಿಲ್ಲೆಯ ಮಣ್ಣಿನಲ್ಲಿಯೇ ಮೂರು ಮಾದರಿಗಳಿವೆ.

ಕೋಲಾರದಲ್ಲಿ 1908ರಲ್ಲಿ ಜನಿಸಿದ ಅ. ನ. ಕೃಷ್ಣರಾಯರು ಕಾದಂಬರಿಕಾರರಾಗಿ ಎಷ್ಟು ಪ್ರಸಿದ್ಧರೋ ವಾಗ್ಮಿಗಳಾಗಿಯೂ ಅಷ್ಟೇ ಪ್ರಸಿದ್ಧರು. ಕನ್ನಡನಾಡಿನಲ್ಲಿ ಕನ್ನಡಿಗನಿಗೆ ಸಲ್ಲಬೇಕಾದ ಸ್ಥಾನ ಸಲ್ಲಲಿ ಎಂದು ಅವರು ಊರೂರು ತಿರುಗಿ ಭಾಷಣ ಮಾಡಿದರು. 1960ರಲ್ಲಿ ಮಣಿಪಾಲದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಅವರದು ಆವೇಶದ ಮಾರ್ಗ.

ಮುಳಬಾಗಿಲಿನಲ್ಲಿ 1887ರಲ್ಲಿ ಜನಿಸಿದ ಡಿ. ವಿ. ಗುಂಡಪ್ಪನವರದು ವಿಚಾರದ ಮಾರ್ಗ. ಕಾಲೇಜಿನ ಮೆಟ್ಟಿಲು ಹತ್ತದ ಅವರು 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿ, ತರುಣರನ್ನು ಕೂಡಿಸಿಕೊಂಡು ಪಾಠ ಹೇಳಿದರು, ಚರ್ಚಿಸಿದರು. ಭಗವದ್ಗೀತೆಯನ್ನು ಕುರಿತ ಅವರ ಉಪನ್ಯಾಸಗಳೇ ಬೆಳೆದು ‘ಜೀವನಧರ್ಮಯೋಗ’ವೆಂಬ ಗ್ರಂಥವಾಗಿ, 1967ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದವು.

ಮಾಲೂರು ತಾಲ್ಲೂಕಿನವರಾದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರದು ಆತ್ಮೀಯತೆಯ ಮಾರ್ಗ. 1910ರಷ್ಟು ಹಿಂದೆಯೇ ಬರೆದ ‘ರಂಗನ ಮದುವೆ’ ಎಂಬ ಕಥೆಯಲ್ಲಿ ನಿರೂಪಕನು ಓದುಗರನ್ನು ಎದುರಿಗೆ ಕೂರಿಸಿಕೊಂಡು ಮಾತನಾಡುತ್ತಾನೆ. ಭಾಷಣ ಕಲಿಯುವವರು ಅದನ್ನು ಗಟ್ಟಿಯಾಗಿ ಓದಿ ನೋಡಬೇಕು. ಅಬ್ಬರವಿಲ್ಲ, ಅಲಂಕಾರವಿಲ್ಲ; ಆದರೂ ಕೇಳುವವನು ಎದ್ದುಹೋಗಲಾರ.

ಮೂರು ಮಾರ್ಗಗಳೂ ಶ್ರೇಷ್ಠವೇ. ಯಾವುದು ತನ್ನ ಸ್ವಭಾವಕ್ಕೆ ಒಗ್ಗುವುದೆಂಬುದನ್ನು ಕಲಿಯುವವನು ಮೊದಲು ಅರಿತುಕೊಳ್ಳಬೇಕು. ಮೆಲುದನಿಯ ಹುಡುಗಿಗೆ ಮುಷ್ಟಿ ಬಿಗಿದು ಗರ್ಜಿಸಲು ಕಲಿಸುವುದು ಅವಳಿಗೂ ಸಭೆಗೂ ಮಾಡುವ ಅನ್ಯಾಯ. 2023ರ ಜನವರಿಯಲ್ಲಿ ಲಿಂಗೈಕ್ಯರಾದ ವಿಜಯಪುರ ಜ್ಞಾನಯೋಗಾಶ್ರಮದ ಶ್ರೀ ಸಿದ್ಧೇಶ್ವರ ಸ್ವಾಮಿಗಳು ಎಂದಾದರೂ ದನಿಯೇರಿಸಿದರೇ? ಮೆಲ್ಲನೆಯ ಮಾತು, ಹೊಲ ಮನೆ ಮರ ಹಕ್ಕಿಗಳ ಉಪಮಾನ. ಅಷ್ಟನ್ನು ಕೇಳಲು ಸಹಸ್ರಾರು ಜನ ನಸುಕಿನಲ್ಲಿಯೇ ಬಂದು ಕೂರುತ್ತಿದ್ದರು.

ಶಾಸ್ತ್ರವು ಹೇಳಿದ ಆರು ದೋಷಗಳು

ಪಾಣಿನೀಯ ಶಿಕ್ಷೆ ಎಂದು ಪ್ರಸಿದ್ಧವಾದ ಗ್ರಂಥದಲ್ಲಿ ಕೀಳು ಪಾಠಕರನ್ನು ಆರು ಬಗೆಯಾಗಿ ಎಣಿಸಿದೆ: ರಾಗವೆಳೆದು ಹಾಡಿದಂತೆ ಓದುವವನು, ಅವಸರಪಡುವವನು, ತಲೆಯನ್ನು ಅಲ್ಲಾಡಿಸುವವನು, ಬರೆದುದನ್ನು ನೋಡಿಕೊಂಡೇ ಓದುವವನು, ಅರ್ಥವನ್ನರಿಯದವನು, ದನಿಯಿಲ್ಲದವನು. ವೇದಪಾಠವನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಿದ ಮಾತಾದರೂ ಇಂದಿನ ನಮ್ಮ ಭಾಷಣ ಸ್ಪರ್ಧೆಗಳನ್ನು ನೋಡಿಯೇ ಬರೆದಂತಿದೆ. ಸ್ಪರ್ಧೆಯ ಹುಡುಗ ಪ್ರತಿ ವಾಕ್ಯದ ಕೊನೆಯನ್ನೂ ಒಂದೇ ರಾಗದಲ್ಲಿ ಎಳೆಯುತ್ತಾನೆ, ಮರೆತುಹೋದೀತೆಂದು ಓಡುತ್ತಾನೆ, ಗುರುಗಳು ಬರೆದುಕೊಟ್ಟುದರ ಅರ್ಥವನ್ನು ಕೇಳಿದರೆ ತಡವರಿಸುತ್ತಾನೆ.

ಅದೇ ಗ್ರಂಥವು ಗುಣಗಳನ್ನೂ ಹೇಳುತ್ತದೆ: ಮಾಧುರ್ಯ, ಅಕ್ಷರಗಳ ಸ್ಪಷ್ಟತೆ, ಪದಗಳನ್ನು ಬಿಡಿಸಿ ನುಡಿಯುವಿಕೆ, ಒಳ್ಳೆಯ ಸ್ವರ, ಧೈರ್ಯ, ಲಯಜ್ಞಾನ. ಉಚ್ಚಾರಣೆಗೆ ಅಲ್ಲಿ ಕೊಟ್ಟಿರುವ ಹೋಲಿಕೆ ಅಪೂರ್ವವಾದುದು. ಹೆಣ್ಣುಹುಲಿ ತನ್ನ ಮರಿಯನ್ನು ಹಲ್ಲಿನಲ್ಲಿ ಕಚ್ಚಿ ಒಯ್ಯುವಾಗ ಮರಿ ಕೆಳಗೆ ಬೀಳಬಾರದು, ಹಲ್ಲು ನಾಟಲೂಬಾರದು. ಅಕ್ಷರವನ್ನೂ ಹಾಗೆಯೇ ಹಿಡಿಯಬೇಕು. ‘ಹಾಲು’ ‘ಆಲು’ ಆಗುವುದು ಮರಿಯನ್ನು ಬೀಳಿಸಿದಂತೆ. ತಿದ್ದಿಕೊಳ್ಳುವ ಭರದಲ್ಲಿ ‘ಆಸೆ’ಯನ್ನು ‘ಹಾಸೆ’ ಎನ್ನುವುದು ಹಲ್ಲು ನಾಟಿಸಿದಂತೆ. ಹಕಾರ, ಮಹಾಪ್ರಾಣ, ಣ-ನ, ಳ-ಲ, ಶ-ಷ-ಸ ಇವುಗಳ ಭೇದವನ್ನು ದಿನಕ್ಕೆ ಹತ್ತು ನಿಮಿಷ ಗಟ್ಟಿಯಾಗಿ ಓದಿಸಿ ಅಭ್ಯಾಸ ಮಾಡಿಸಿದರೆ ಒಂದು ವರ್ಷದಲ್ಲಿ ನಾಲಗೆ ತಿದ್ದುತ್ತದೆ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ನಮ್ಮ ಜಿಲ್ಲೆಯ ಅನೇಕ ಮಕ್ಕಳು ಮನೆಯಲ್ಲಿ ತೆಲುಗನ್ನಾಡಿ ಶಾಲೆಯಲ್ಲಿ ಕನ್ನಡವನ್ನಾಡುವವರು. ಅವರ ಉಚ್ಚಾರಣೆಯನ್ನು ಕಂಡು ನಗುವವರಿದ್ದಾರೆ. ಒಂದು ಸಲ ನಗೆಗೀಡಾದ ಮಗು ಮತ್ತೆ ಸಭೆಯಲ್ಲಿ ಬಾಯಿ ತೆರೆಯಲು ಹತ್ತು ವರ್ಷ ಬೇಕಾದೀತು. ಮಾಸ್ತಿಯವರ ಮನೆಮಾತು ತಮಿಳೆಂಬುದನ್ನು ಅಧ್ಯಾಪಕರು ಮಕ್ಕಳಿಗೆ ತಿಳಿಸಬೇಕು. ತಿದ್ದುವುದು ಗುರುವಿನ ಧರ್ಮ, ನಗುವುದಲ್ಲ.

ಮಾತನ್ನು ಕಟ್ಟುವ ಕ್ರಮ

ಭಾಷಣಕ್ಕೆ ಒಂದು ಮುಖ್ಯಾಭಿಪ್ರಾಯವಿರಬೇಕು. ಎರಡಿದ್ದರೆ ಎರಡು ಭಾಷಣ ಮಾಡಬೇಕು. ಈ ಶಿಸ್ತನ್ನು ಹರಿಕಥೆಯ ದಾಸರಿಂದ ಕಲಿಯಬಹುದು. ಅವರು ಮೊದಲು ಪೀಠಿಕೆಯಲ್ಲಿ ಒಂದು ಧರ್ಮತತ್ತ್ವವನ್ನು ನಿಲ್ಲಿಸುತ್ತಾರೆ. ಆಮೇಲೆ ಕಥೆಯನ್ನು ಹಿಡಿಯುತ್ತಾರೆ. ಉಪಕಥೆಗಳನ್ನು ತಂದು ನಗಿಸುತ್ತಾರೆ, ಅಳಿಸುತ್ತಾರೆ. ಎಷ್ಟು ದೂರ ಹೋದರೂ ಪೀಠಿಕೆಯ ತತ್ತ್ವವನ್ನು ಕೈಬಿಡುವುದಿಲ್ಲ. ಅಕ್ಷರ ಬಾರದ ಮುದುಕಿಯೂ ಮರುದಿನ ಆ ಕಥೆಯನ್ನು ನೆರೆಮನೆಯಲ್ಲಿ ಹೇಳಬಲ್ಲಳು. ಭಾಷಣ ಸಫಲವಾಯಿತೇ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಪರೀಕ್ಷೆಯಿಲ್ಲ.

ಒಂದು ಉದಾಹರಣೆಯಿಂದ ಇದನ್ನು ನೋಡೋಣ. ವಿಷಯ ‘ನೀರು’ ಎಂದಿರಲಿ. ಸಾಮಾನ್ಯವಾಗಿ ನಮ್ಮ ವಿದ್ಯಾರ್ಥಿ ಹೀಗೆ ಆರಂಭಿಸುತ್ತಾನೆ: ನೀರು ಪಂಚಭೂತಗಳಲ್ಲೊಂದು, ನೀರಿಲ್ಲದೆ ಜೀವವಿಲ್ಲ, ನೀರು ಅಮೃತಸಮಾನ. ಇದರಲ್ಲಿ ಸುಳ್ಳೇನೂ ಇಲ್ಲ. ಹೊಸದೂ ಏನೂ ಇಲ್ಲ. ಅವನನ್ನು ಮೊದಲು ಊರೊಳಗೆ ಕಳಿಸಬೇಕು. ಅಜ್ಜನ ಕಾಲದಲ್ಲಿ ಬಾವಿಗೆ ಎಷ್ಟು ಮಾರು ಹಗ್ಗ ಬೇಕಾಗಿತ್ತೆಂದೂ, ಸಾವಿರ ಅಡಿ ದಾಟಿದ ಕೊಳವೆಬಾವಿಗಳು ಊರಿನಲ್ಲಿ ಎಷ್ಟಿವೆಯೆಂದೂ, ಕೆರೆಗೆ ನೀರು ತರುವ ಕಾಲುವೆ ಎಲ್ಲಿ ಮುಚ್ಚಿಹೋಗಿದೆಯೆಂದೂ ಅವನು ಕೇಳಿ, ಕಂಡು, ಬರೆದುಕೊಂಡು ಬರಲಿ. ವರ್ಷವಿಡೀ ಹರಿಯುವ ನದಿಯಿಲ್ಲದ ಈ ಜಿಲ್ಲೆಯ ಕೆರೆಗಳಿಗೆ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿತ ನೀರು 2018ರಿಂದ ಹರಿಯತೊಡಗಿತು. ಕೆರೆ ತುಂಬಿತೆಂದು ಸಂತೋಷಪಡುವವರೂ ಉಂಟು, ನೀರಿನ ಶುದ್ಧಿಯನ್ನು ಕುರಿತು ಪ್ರಶ್ನಿಸುವವರೂ ಉಂಟು. ಎರಡು ಪಕ್ಷದವರನ್ನೂ ಅವನು ವಿಚಾರಿಸಲಿ. ಆಗ ಅವನು ವೇದಿಕೆಗೆ ಬಂದು, ‘ನಮ್ಮ ಊರಿನ ಬಾವಿಗೆ ನಮ್ಮಜ್ಜ ಆರು ಮಾರು ಹಗ್ಗ ಇಳಿಬಿಡುತ್ತಿದ್ದರು’ ಎಂದು ಆರಂಭಿಸಿದರೆ, ಹಿಂದಿನ ಸಾಲಿನಲ್ಲಿ ಮಾತನಾಡುತ್ತಿದ್ದವರೂ ಮುಖ ತಿರುಗಿಸುತ್ತಾರೆ. ಇಂಥವನಿಗೆ ಬಾಯಿಪಾಠ ಬೇಕಿಲ್ಲ. ಕಂಡುದನ್ನು ಯಾರೂ ಮರೆಯುವುದಿಲ್ಲ.

ಸಭಾಕಂಪಕ್ಕೂ ಇದೇ ಮದ್ದು. ಪದಗಳನ್ನು ಉರುಹೊಡೆದವನಿಗೆ ಒಂದು ಪದ ಜಾರಿದರೆ ಸರಪಳಿಯೇ ಕಳಚುತ್ತದೆ. ಅಂಶಗಳ ಕ್ರಮವನ್ನು ಮಾತ್ರ ನೆನಪಿಟ್ಟವನಿಗೆ ಒಂದು ಪದ ಹೋದರೆ ಇನ್ನೊಂದು ಪದ ಒದಗುತ್ತದೆ. ಆರಂಭದ ಎರಡು ವಾಕ್ಯಗಳನ್ನೂ ಮುಕ್ತಾಯದ ಎರಡು ವಾಕ್ಯಗಳನ್ನೂ ಚೆನ್ನಾಗಿ ಗಟ್ಟಿಮಾಡಿಕೊಂಡು, ನಡುವಣ ನಾಲ್ಕೈದು ಅಂಶಗಳನ್ನು ಅಂಗೈಯಗಲದ ಚೀಟಿಯಲ್ಲಿ ಒಂದೊಂದು ಪದವಾಗಿ ಗುರುತಿಸಿಕೊಂಡರೆ ಸಾಕು.

ಸಭಾಮರ್ಯಾದೆಯ ಕೆಲವು ನಿಯಮಗಳೂ ಇವೆ. ವೇದಿಕೆಯ ಮೇಲಿರುವವರೆಲ್ಲರ ಬಿರುದು ಬಾವಲಿಗಳನ್ನು ಪ್ರತಿಯೊಬ್ಬ ವಕ್ತಾರನೂ ಮತ್ತೆ ಮತ್ತೆ ಹೇಳಬೇಕಾಗಿಲ್ಲ. ಅಧ್ಯಕ್ಷರನ್ನೂ ಸಭಿಕರನ್ನೂ ಸಂಬೋಧಿಸಿ ವಿಷಯಕ್ಕೆ ಬರುವುದೇ ಗೌರವ. ಧ್ವನಿವರ್ಧಕದಿಂದ ಸುಮಾರು ಒಂದು ಗೇಣು ದೂರ ನಿಂತರೆ ಕೂಗುವ ಅಗತ್ಯವಿಲ್ಲ. ದೃಷ್ಟಿ ಒಂದೇ ಕಡೆ ನೆಡದೆ ಹಿಂದಿನ ಸಾಲಿನವರೆಗೂ ಸುಳಿಯಲಿ. ಮುಖ್ಯವಾದ ಮಾತನ್ನು ಹೇಳಿದ ಮೇಲೆ ಒಂದು ಉಸಿರಿನಷ್ಟು ಕಾಲ ಸುಮ್ಮನಿರಬೇಕು. ಮೌನವೂ ಮಾತಿನ ಒಂದು ಅಂಗ. ಕೊಟ್ಟ ಕಾಲವನ್ನು ಮೀರುವುದು ಮುಂದಿನವರ ಪಾಲನ್ನು ಕಸಿದಂತೆ.

ಇದರಿಂದ ಪ್ರಯೋಜನವೇನು?

ಭಾಷಣವೆಂದರೆ ವಾರ್ಷಿಕೋತ್ಸವದ ಒಂದು ಅಂಗ, ಗೆದ್ದವರಿಗೊಂದು ಬಟ್ಟಲು ಎಂದಷ್ಟೇ ತಿಳಿಯಬಾರದು. ಕರ್ನಾಟಕದಲ್ಲಿ 1993ರ ಪಂಚಾಯತ್ ರಾಜ್ ಕಾನೂನು ಗ್ರಾಮಸಭೆಗೆ ಸ್ಥಾನ ಕೊಟ್ಟಿದೆ. 2010ರ ತಿದ್ದುಪಡಿಯಿಂದ ಪಂಚಾಯತಿಗಳಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾದುವು. ಕಾನೂನು ಕುರ್ಚಿಯನ್ನು ಕೊಡಬಲ್ಲುದು, ನಾಲಗೆಯನ್ನು ಕೊಡಲಾರದು. ಗ್ರಾಮಸಭೆಯಲ್ಲಿ ಬೀದಿಯ ನಲ್ಲಿಯ ವಿಷಯ ಬಂದಾಗ, ಕಷ್ಟವನ್ನು ದಿನವೂ ಅನುಭವಿಸುತ್ತಿರುವವಳು ಹಿಂದೆ ಕುಳಿತು ಪಕ್ಕದವಳ ಕಿವಿಯಲ್ಲಿ ಹೇಳುತ್ತಾಳೆ. ಮುಂದೆ ನಿಂತು ಮಾತು ಬಲ್ಲವನು ತನ್ನ ಬೀದಿಗೆ ಕೆಲಸ ಮಾಡಿಸಿಕೊಳ್ಳುತ್ತಾನೆ. ಕಿವಿಯಲ್ಲಿ ಆಡಿದ ಮಾತು ನಡಾವಳಿಯ ಪುಸ್ತಕವನ್ನು ಸೇರುವುದಿಲ್ಲ. ಅವಳು ನಮ್ಮಂಥ ಶಾಲೆಯಲ್ಲಿಯೇ ಓದಿದವಳು. ಎಂಟು ಹತ್ತು ವರ್ಷ ನಮ್ಮೆದುರು ಕುಳಿತಿದ್ದವಳು. ಇತಿಹಾಸವನ್ನೂ ಗಣಿತವನ್ನೂ ಕಲಿಸಿ, ಎದ್ದು ನಿಂತು ನಾಲ್ಕು ಮಾತು ಹೇಳುವುದನ್ನು ಕಲಿಸದೆ ಕಳಿಸಿದರೆ ಶಿಕ್ಷಣ ಪೂರ್ಣವಾಯಿತೆನ್ನಬಹುದೇ?

ಆದುದರಿಂದ ನನ್ನ ಸೂಚನೆಗಳು ಇಷ್ಟು. ಪ್ರತಿ ತರಗತಿಯಲ್ಲಿ ವಾರಕ್ಕೊಂದು ಅವಧಿಯನ್ನು ಮಾತಿಗೆ ಮೀಸಲಿಡಬೇಕು. ಐದು ಮಂದಿ ಎರಡೆರಡು ನಿಮಿಷ ಮಾತನಾಡಲಿ. ಉಳಿದವರಲ್ಲಿ ಒಬ್ಬರು, ಕೇಳಿದುದನ್ನು ತಮ್ಮ ಮಾತಿನಲ್ಲಿ ಮತ್ತೆ ಹೇಳಲಿ. ಐವತ್ತು ಮಂದಿಯ ತರಗತಿಯಲ್ಲಿ ಹತ್ತು ವಾರಕ್ಕೊಮ್ಮೆ ಪ್ರತಿಯೊಬ್ಬರ ಸರದಿಯೂ ಬರುತ್ತದೆ. ಜಾಣರಾದ ಇಬ್ಬರೇ ಎಲ್ಲ ಸ್ಪರ್ಧೆಗಳಿಗೂ ಹೋಗುವ ಪದ್ಧತಿ ತಪ್ಪುತ್ತದೆ. ಸ್ಪರ್ಧೆಗಳಲ್ಲಿ ಉರುಹೊಡೆದ ಭಾಷಣಕ್ಕೆ ಅಂಕ ಕೊಡುವುದರ ಬದಲು, ಭಾಷಣವಾದ ಮೇಲೆ ತೀರ್ಪುಗಾರರು ಕೇಳುವ ಎರಡು ಪ್ರಶ್ನೆಗಳಿಗೆ ಬಂದ ಉತ್ತರಕ್ಕೆ ಅರ್ಧ ಅಂಕವಿರಲಿ. ಹಳೆಯ ವಿದ್ಯಾರ್ಥಿಗಳು ಊರಿಗೆ ಬಂದಾಗ ತಮ್ಮ ಉದ್ಯೋಗವನ್ನು ಕುರಿತು ಮಕ್ಕಳ ಮುಂದೆ ಮಾತನಾಡಲಿ. ದಾನಿಗಳು ಬೆಳ್ಳಿಯ ಬಟ್ಟಲನ್ನು ಕೊಡುವ ಹಣದಲ್ಲಿ ಗ್ರಂಥಭಂಡಾರಕ್ಕೆ ಪುಸ್ತಕಗಳನ್ನು ಕೊಟ್ಟರೆ, ಮಾತಿಗೆ ಬೇಕಾದ ವಿಷಯಸಂಪತ್ತು ಎಲ್ಲ ಮಕ್ಕಳಿಗೂ ದೊರೆಯುತ್ತದೆ.

ಎಲ್ಲರೂ ಮಹಾವಾಗ್ಮಿಗಳಾಗಲಾರರು, ಆಗಬೇಕಾಗಿಯೂ ಇಲ್ಲ. ತನಗೆ ತಿಳಿದ ಸತ್ಯವನ್ನು ಹೆದರದೆ, ಹದ ತಪ್ಪದೆ, ಎದುರಿನವರನ್ನು ನೋಯಿಸದೆ ನಾಲ್ಕು ಜನರ ಮುಂದೆ ಹೇಳಬಲ್ಲವನು, ಇತರರು ಹೇಳಿದುದನ್ನು ತಾಳ್ಮೆಯಿಂದ ಕೇಳಬಲ್ಲವನು ಪ್ರತಿ ಮನೆಯಲ್ಲಿಯೂ ಒಬ್ಬನಿದ್ದರೆ ಊರು ಉದ್ಧಾರವಾಗುತ್ತದೆ. ಅಂಥವರನ್ನು ರೂಪಿಸುವ ಭಾಗ್ಯ ಅಧ್ಯಾಪಕರಾದ ನಮ್ಮದಾಗಲಿ.