ಪರಿವೇಷವೆಂದರೇನು?

2021ನೆಯ ಇಸವಿ ಮೇ 24ರಂದು ಬೆಂಗಳೂರಿನ ಜನರು ಸೂರ್ಯನ ಸುತ್ತಲೂ ಬಣ್ಣದ ಅಂಚುಳ್ಳ ದೊಡ್ಡದೊಂದು ಬಳೆಯನ್ನು ಕಂಡು ಬೆರಗಾದರು. ಇಂತಹ ಬಳೆಗೆ ಸಂಸ್ಕೃತದಲ್ಲಿಯೂ ಕನ್ನಡದಲ್ಲಿಯೂ ‘ಪರಿವೇಷ’ವೆಂದು ಹೆಸರು, ಇಂಗ್ಲಿಷಿನಲ್ಲಿ ‘ಹೇಲೋ’ ಎನ್ನುವರು. ಈ ಎರಡು ಪದಗಳ ಹುಟ್ಟನ್ನು ಮೊದಲು ವಿಚಾರಿಸಿ, ಬಳಿಕ ಬಳೆಯ ಹುಟ್ಟನ್ನು ನೋಡೋಣ.

‘ಹೇಲೋ’ ಶಬ್ದದ ಮೂಲ ಗ್ರೀಕ್ ಭಾಷೆಯ ‘ಹಲೋಸ್’. ತೆನೆ ತುಳಿಸುವ ಕಣವೆಂದು ಅದರ ಅರ್ಥ. ನಮ್ಮ ಹಳ್ಳಿಯ ಕಣವನ್ನು ನೆನೆದರೆ ಈ ಹೆಸರಿನ ಔಚಿತ್ಯವು ತಿಳಿಯುವುದು: ನಡುವೆ ಮೇಟಿ, ಅದರ ಸುತ್ತ ಎತ್ತುಗಳು ತುಳಿದ ದುಂಡನೆಯ ನೆಲ. ಸೂರ್ಯಚಂದ್ರರನ್ನು ಸುತ್ತಿದ ಬಳೆಗೂ ಗ್ರೀಕರು ಅದೇ ಹೆಸರನ್ನಿತ್ತರು.

‘ಪರಿವೇಷ’ದಲ್ಲಿ ‘ಪರಿ’ ಎಂದರೆ ಸುತ್ತಲೂ. ಸುತ್ತುವರಿದುದು ಎಂದು ಪದದ ಒಟ್ಟು ಅರ್ಥ. ಅಮರಕೋಶವು ಇದಕ್ಕೆ ‘ಪರಿಧಿ’ ಎಂಬ ಪರ್ಯಾಯವನ್ನೂ ಕೊಡುತ್ತದೆ. ರೇಖಾಗಣಿತದಲ್ಲಿ ನಾವು ವೃತ್ತಕ್ಕೆ ಹೇಳುವ ಪರಿಧಿಯೂ ಇದೇ ಶಬ್ದವೇ.

6ನೆಯ ಶತಮಾನದ ವರಾಹಮಿಹಿರನು ‘ಬೃಹತ್ಸಂಹಿತೆ’ಯಲ್ಲಿ ಪರಿವೇಷಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ. ತೆಳುಮೋಡವಿರುವ ಆಕಾಶದಲ್ಲಿ ಸೂರ್ಯಚಂದ್ರರ ಕಿರಣಗಳು ಗಾಳಿಯಿಂದ ಮಂಡಲಾಕಾರವಾಗುವುವೆಂದು ಆತನ ಮತ. ಬಳೆಯ ಬಣ್ಣ ಮುಂತಾದ ಲಕ್ಷಣಗಳಿಂದ ಶುಭಾಶುಭಗಳನ್ನೂ ಆತನು ಎಣಿಸಿದನು. ತೆಳುಮೋಡವನ್ನು ಗುರುತಿಸಿದ ಆತನ ಕಣ್ಣು ತಪ್ಪಿರಲಿಲ್ಲ. ಆದರೆ ಗಾಳಿಯೇ ಕಾರಣವೆಂಬ ಊಹೆಯು ಮುಂದಿನ ಪರೀಕ್ಷೆಯಲ್ಲಿ ನಿಲ್ಲಲಿಲ್ಲ.

ಸರಿಯಾದ ಕಾರಣವನ್ನು 17ನೆಯ ಶತಮಾನದಲ್ಲಿ ಫ್ರಾನ್ಸಿನ ವಿಜ್ಞಾನಿ ಎಡ್ಮ್ ಮಾರಿಯೊತ್ ಸೂಚಿಸಿದನು. ಬಹು ಎತ್ತರದ ತೆಳುಮೋಡಗಳಲ್ಲಿ ನೀರು ಸಣ್ಣ ಸಣ್ಣ ಹಿಮದ ಹರಳುಗಳಾಗಿರುವುದು. ಪ್ರತಿಯೊಂದು ಹರಳೂ ಆರು ಮುಖಗಳ ಕಂಬದಂತಿದ್ದು, ಅದರ ಒಂದು ಮುಖಕ್ಕೂ ಅದರಾಚೆಯ ಮೂರನೆಯ ಮುಖಕ್ಕೂ ನಡುವೆ 60 ಡಿಗ್ರಿ ಕೋನವಿದೆ. ಆದುದರಿಂದ ಅದು ನಮ್ಮ ಪ್ರಯೋಗಶಾಲೆಯ ಗಾಜಿನ ಪಟ್ಟಕದಂತೆಯೇ ಬೆಳಕನ್ನು ಬಾಗಿಸುತ್ತದೆ. ಹಿಮದ ವಕ್ರೀಭವನಾಂಕವು ಸುಮಾರು 1.31. ಲೆಕ್ಕ ಹಾಕಿದರೆ ಕನಿಷ್ಠ ವಿಚಲನೆಯು ಸುಮಾರು 22 ಡಿಗ್ರಿ ಬರುವುದು. ಹರಳುಗಳು ಹೇಗೆಂದರೆ ಹಾಗೆ ತಿರುಗಿದ್ದರೂ ಹೆಚ್ಚಿನ ಕಿರಣಗಳು ಈ ಕೋನದ ಬಳಿಯಲ್ಲಿಯೇ ದಟ್ಟಯಿಸುವುವು. ಅಲ್ಲಿಯೇ ಬಳೆ ಬೆಳಗುವುದು. ಕೆಂಪು ಬೆಳಕು ಎಲ್ಲಕ್ಕಿಂತ ಕಡಿಮೆ ಬಾಗುವುದರಿಂದ ಒಳ ಅಂಚು ಕೆಂಪಾಗಿ ತೋರುವುದು.

ಇದನ್ನು ವಿದ್ಯಾರ್ಥಿಗಳು ತಾವೇ ಪರೀಕ್ಷಿಸಬಹುದು. ಸೂರ್ಯನನ್ನು ನೇರವಾಗಿ ನೋಡುವುದು ಕಣ್ಣಿಗೆ ಅಪಾಯ. ಚಂದ್ರನಿಗೆ ಪರಿವೇಷ ಕಟ್ಟಿದ ರಾತ್ರಿಯೇ ಲೇಸು. ತೋಳನ್ನು ನೀಡಿ, ಬೆರಳುಗಳನ್ನು ಅಗಲಿಸಿ, ಹೆಬ್ಬೆರಳ ತುದಿಯನ್ನು ಚಂದ್ರನ ಮೇಲಿರಿಸಿದರೆ ಕಿರುಬೆರಳ ತುದಿಯು ಹೆಚ್ಚುಕಡಿಮೆ ಬಳೆಯನ್ನು ಮುಟ್ಟುವುದು. ಒಂದು ಕಾಲದಲ್ಲಿ ಕೇಡಿನ ಸೂಚನೆಯೆಂದು ಜನ ಅಂಜುತ್ತಿದ್ದ ಬಳೆಯನ್ನು ನಾವು ಒಂದು ಗೇಣಿನಿಂದ ಅಳೆಯಬಲ್ಲೆವು.